ಮಾರ್ಚ್ 31ರ ಜಮಾ ಎಲ್ಲಿ ಹೋಯಿತು: ದಿನಾಂಕದ ಶೋಧದಲ್ಲಿ ಕೊನೆಯ ದಿನ ಕಳೆದುಹೋಗುವ ದೋಷ ಮತ್ತು ಅದರ ನಿವಾರಣೆ

2023ರ ಏಪ್ರಿಲ್ ಮೊದಲ ವಾರ. ತಾಲ್ಲೂಕು ಕೇಂದ್ರವೊಂದರ ಪತ್ತಿನ ಸಹಕಾರ ಸಂಘದಿಂದ ನನಗೆ ಕರೆ ಬಂತು. "ಸರ್, ಮಾರ್ಚ್ ತಿಂಗಳ ಪಿಗ್ಮಿ ಜಮಾ ತಾಳೆಯಾಗುತ್ತಿಲ್ಲ. ಡೇ ಬುಕ್ಕಿನಲ್ಲಿ 4,86,250 ಇದೆ. ಕಂಪ್ಯೂಟರಿನ ವರದಿ 4,67,800 ತೋರಿಸುತ್ತಿದೆ. ಎರಡು ದಿನದಿಂದ ಕೂಡಿ ಕಳೆದು ಸಾಕಾಗಿದೆ" ಎಂದರು ಮ್ಯಾನೇಜರ್ ಮೇಡಂ. ವ್ಯತ್ಯಾಸ 18,450 ರೂಪಾಯಿ. ವರ್ಷಾಂತ್ಯದ ಲೆಕ್ಕ, ಆಡಿಟ್ ಹತ್ತಿರ. ಅಷ್ಟು ಹೊತ್ತಿಗಾಗಲೇ ಮನೆಮನೆಗೆ ಹೋಗಿ ಪಿಗ್ಮಿ ಎತ್ತುವ ಹಿರಿಯ ಏಜೆಂಟರನ್ನು ಆಡಳಿತ ಮಂಡಳಿಯವರು ಎರಡು ಸಲ ಕರೆಸಿ ಕೇಳಿದ್ದರು. ಅವರು ಸಂಗ್ರಹಿಸಿದ ಹಣದಲ್ಲಿ ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ. ತಪ್ಪು ಇದ್ದದ್ದು ವರದಿಯ ಕ್ವೆರಿಯ, ಅಂದರೆ ಡೇಟಾಬೇಸಿನಿಂದ ಮಾಹಿತಿ ಕೇಳುವ ಆದೇಶದ, ಒಂದು ಸಾಲಿನಲ್ಲಿ.

ಈ ದೋಷವನ್ನು ನಾನು ಬೇರೆ ಬೇರೆ ಕಡೆ, ಬೇರೆ ಬೇರೆ ಡೇಟಾಬೇಸುಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಗುರುತಿಸುವುದು ಹೇಗೆ, ಯಾವ ರಿಪೇರಿ ಮಾಡಬಾರದು, ಯಾವುದು ಸರಿ ಎಂಬುದನ್ನು ಆ ಸಂಘದ ಉದಾಹರಣೆ ಹಿಡಿದೇ ಬರೆಯುತ್ತೇನೆ. ಆದೇಶದ ಪದಗಳನ್ನು ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ. ಟೈಪು ಮಾಡುವಾಗ ನಿಮ್ಮ ಡೇಟಾಬೇಸು ಬಯಸುವ ರೂಪದಲ್ಲೇ ಮಾಡಿಕೊಳ್ಳಿ.

ಮೊದಲು ಲಕ್ಷಣ ನೋಡಿ

ವರದಿಯ ಪರದೆಯಲ್ಲಿ 'ಇಂದ' ಮತ್ತು 'ವರೆಗೆ' ಎರಡಕ್ಕೂ ಒಂದೇ ದಿನಾಂಕ ಕೊಡಿ. ವ್ಯವಹಾರ ನಡೆದಿದೆ ಎಂದು ನಿಮಗೆ ಖಚಿತವಾಗಿ ಗೊತ್ತಿರುವ ದಿನವನ್ನೇ ಆರಿಸಿ. ಫಲಿತಾಂಶ ಖಾಲಿ ಬಂದರೆ ಅಥವಾ ಇರಬೇಕಾದುದಕ್ಕಿಂತ ತೀರಾ ಕಡಿಮೆ ಬಂದರೆ ನೀವು ಹುಡುಕುತ್ತಿರುವ ದೋಷ ಬಹುಪಾಲು ಇದೇ. ಅರ್ಧ ನಿಮಿಷದ ಕೆಲಸ ಇದು. ಬೇರೆ ಏನನ್ನೂ ಮುಟ್ಟುವ ಮೊದಲು ಇದನ್ನೇ ಮಾಡಿ.

ಸಂಘದಲ್ಲಿ 31-03-2023ನ್ನು ಎರಡೂ ಕಡೆ ಹಾಕಿದಾಗ ಮೂರೇ ರಸೀದಿ ಬಂದವು, ಒಟ್ಟು 1,500 ರೂಪಾಯಿ. ಡೇ ಬುಕ್ಕಿನ ಪ್ರಕಾರ ಅಂದಿನ ಪಿಗ್ಮಿ 19,950. ಅವರೆಲ್ಲ ಎರಡು ದಿನ ದಾರಿ ತಪ್ಪಿದ್ದು ಈ ಮೂರು ರಸೀದಿಗಳಿಂದಲೇ. ಕೊನೆಯ ದಿನ ಪೂರ್ತಿ ಬಿಟ್ಟುಹೋಗಿದ್ದರೆ ವ್ಯತ್ಯಾಸ 19,950 ಇರುತ್ತಿತ್ತು, ಯಾರಿಗಾದರೂ ಕಣ್ಣಿಗೆ ಬೀಳುತ್ತಿತ್ತು. ಮೂರು ರಸೀದಿ ಉಳಿದುಕೊಂಡದ್ದರಿಂದ "31ನೇ ತಾರೀಖು ವರದಿಯಲ್ಲಿ ಇದೆಯಲ್ಲ, ಹಾಗಾದರೆ ಯಾರೋ ಕೆಲವು ರಸೀದಿ ಎಂಟ್ರಿ ಮಾಡಿಲ್ಲ" ಎಂಬ ತೀರ್ಮಾನಕ್ಕೆ ಬಂದಿದ್ದರು. ಅಲ್ಲಿಂದ ಅನುಮಾನ ಏಜೆಂಟರ ಮೇಲೆ ಹೋಯಿತು.

ಆ ಮೂರು ಯಾಕೆ ಉಳಿದವು? ಟೇಬಲನ್ನು ನೇರವಾಗಿ ತೆರೆದು 31ರ ಸಾಲುಗಳನ್ನೆಲ್ಲ ಸಮಯದ ಸಮೇತ ನೋಡಿದೆವು. ಏಜೆಂಟರ ಕೈಯಂತ್ರದಿಂದ ಬಂದ ರಸೀದಿಗಳಲ್ಲಿ '2023-03-31 17:42:10', '2023-03-31 18:05:33' ಎಂಬಂತೆ ನಿಜವಾದ ಸಮಯವಿತ್ತು. ಕೌಂಟರಿನಲ್ಲಿ ಗುಮಾಸ್ತರು ಕೈಯಿಂದ ಎಂಟ್ರಿ ಮಾಡಿದ ಮೂರರಲ್ಲಿ ಮಾತ್ರ '2023-03-31 00:00:00' ಎಂದಿತ್ತು. ಕೌಂಟರಿನ ಫಾರಂ ದಿನಾಂಕವನ್ನಷ್ಟೇ ಕೇಳುತ್ತದೆ, ಸಮಯ ಕೇಳುವುದಿಲ್ಲ. ಹೀಗಾಗಿ ಡೇಟಾಬೇಸು ಸಮಯದ ಜಾಗಕ್ಕೆ ಸೊನ್ನೆ ತುಂಬಿತ್ತು.

ಇಲ್ಲಿ ಒಂದು ಎಚ್ಚರಿಕೆ. ಸಮಯ ಟೇಬಲಿನಲ್ಲಿ ಇದ್ದರೂ ಪರದೆಯಲ್ಲಿ ಕಾಣದೇ ಇರಬಹುದು. ಒರಾಕಲ್ ಡೇಟಾಬೇಸಿನಲ್ಲಿ 'ಡೇಟ್' ಎಂದು ಹೆಸರಿರುವ ಕಾಲಂ ಗಂಟೆ, ನಿಮಿಷ, ಸೆಕೆಂಡನ್ನೂ ಇಟ್ಟುಕೊಂಡಿರುತ್ತದೆ. ಸಾಮಾನ್ಯ ಸೆಟ್ಟಿಂಗಿನಲ್ಲಿ ತೋರಿಸುವಾಗ ದಿನಾಂಕವನ್ನಷ್ಟೇ ತೋರಿಸುತ್ತದೆ. ಎಕ್ಸೆಲ್ ಕೂಡ ಹಾಗೆಯೇ: ಅದರೊಳಗೆ 31-03-2023 ಎಂದರೆ 45016 ಎಂಬ ಸಂಖ್ಯೆ, ಅದೇ ದಿನದ ಮಧ್ಯಾಹ್ನ 12 ಎಂದರೆ 45016.5. ಎರಡೂ ಸೆಲ್ಲುಗಳು ಕಣ್ಣಿಗೆ ಒಂದೇ ತಾರೀಖಾಗಿ ಕಾಣುತ್ತವೆ. ಆದ್ದರಿಂದ ಪರದೆಯನ್ನು ನಂಬಬೇಡಿ. ಗಂಟೆ, ನಿಮಿಷ, ಸೆಕೆಂಡು, ಸೆಕೆಂಡಿನ ಭಾಗ ಎಲ್ಲವನ್ನೂ ತೋರಿಸುವಂತೆ ಬರೆಸಿಕೊಂಡು ನೋಡಿ.

ಕಾರಣ

ವರದಿಯ ಕ್ವೆರಿ ಹೀಗಿತ್ತು:

ಸೆಲೆಕ್ಟ್ ಸಮ್(ಮೊತ್ತ) ಫ್ರಮ್ ಪಿಗ್ಮಿ_ಜಮಾ
ವೇರ್ ಜಮಾ_ಸಮಯ ಬಿಟ್ವೀನ್ '2023-03-01' ಆ್ಯಂಡ್ '2023-03-31'

'ಬಿಟ್ವೀನ್' ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ತುದಿ ಯಾವುದು? ಕಾಲಂನಲ್ಲಿ ದಿನಾಂಕದ ಜೊತೆ ಸಮಯವೂ ಇರುವುದರಿಂದ ಹೋಲಿಸುವ ಮೊದಲು ಡೇಟಾಬೇಸು '2023-03-31'ಕ್ಕೂ ಸಮಯ ಸೇರಿಸಿಕೊಳ್ಳುತ್ತದೆ. ಸೇರಿಸುವುದು ಮಧ್ಯರಾತ್ರಿಯ 00:00:00. ಅಂದರೆ ಕ್ವೆರಿ ಕೇಳಿದ್ದು 'ಮಾರ್ಚ್ 31ರ ಮೊದಲ ಕ್ಷಣದವರೆಗೆ' ಎಂದು. ಸಂಜೆ ಐದೂಮುಕ್ಕಾಲಿಗೆ ಹೂವಿನವಳು ಕೊಟ್ಟ ಐವತ್ತು ರೂಪಾಯಿ ಆ ಕ್ಷಣದ ಆಚೆಗಿದೆ. ಕೈಯಿಂದ ಹಾಕಿದ ಮೂರು ರಸೀದಿಗಳು ಸರಿಯಾಗಿ ಆ ಕ್ಷಣದ ಮೇಲೆಯೇ ಕುಳಿತಿದ್ದವು. ಅದಕ್ಕೇ ಅವು ಸೇರಿದವು.

ನಾವು ಮಾತಿನಲ್ಲಿ "31ರವರೆಗೆ" ಎಂದಾಗ ಅಂದು ಬಾಗಿಲು ಹಾಕುವವರೆಗೆ ಎಂದೇ ಅರ್ಥ. ಯಂತ್ರ ಅದೇ ಮಾತನ್ನು 31ರ ಹೊಸ್ತಿಲವರೆಗೆ ಎಂದು ತಿಳಿಯುತ್ತದೆ. ದಿನ ಎಂಬುದು ನಮಗೆ ಇಪ್ಪತ್ತನಾಲ್ಕು ಗಂಟೆ ಉದ್ದದ ಹರವು. ಕಾಲಂಗೆ ಅದು ಒಂದು ಬಿಂದು. ಈ ದೋಷದ ಎಲ್ಲ ರೂಪಗಳೂ ಈ ಒಂದು ಅಂತರದಿಂದಲೇ ಹುಟ್ಟುತ್ತವೆ.

ಪಿಗ್ಮಿ ಎಂದರೆ ಏನೆಂದು ಕರ್ನಾಟಕದವರಿಗೆ ಹೇಳಬೇಕಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಶುರು ಮಾಡಿದ ಈ ಪದ್ಧತಿಯಲ್ಲಿ ಹಣ ಬರುವುದೇ ದಿನಕ್ಕಿಷ್ಟು ಎಂದು, ಬೀದಿಯ ಸಣ್ಣ ವ್ಯಾಪಾರಿಗಳಿಂದ. ಬಡ್ಡಿಯ ಲೆಕ್ಕ, ಅದನ್ನು ಆಧಾರವಾಗಿಟ್ಟು ಕೊಡುವ ಸಾಲದ ಲೆಕ್ಕ ಎಲ್ಲವೂ ಈ ಮೊತ್ತದ ಮೇಲೆ ನಿಲ್ಲುತ್ತವೆ. ಆದ್ದರಿಂದ ಇದನ್ನು 'ಸಣ್ಣ ವರದಿ ದೋಷ' ಎಂದು ಪಕ್ಕಕ್ಕಿಡುವುದನ್ನು ನಾನು ಒಪ್ಪುವುದಿಲ್ಲ.

ಮಾಡಬಾರದ ರಿಪೇರಿಗಳು

ಕಾರಣ ತಿಳಿದ ತಕ್ಷಣ ಕೈ ಹೋಗುವುದು ಮೂರು ಕಡೆ. ಮೂರನ್ನೂ ಬಲ್ಲ ಪ್ರೋಗ್ರಾಮರುಗಳೇ ಮಾಡುತ್ತಾರೆ. ಮೂರೂ ಮೊದಲ ಪರೀಕ್ಷೆಯಲ್ಲಿ ಗೆಲ್ಲುತ್ತವೆ, ಅದೇ ಅವುಗಳ ಅಪಾಯ.

ಒಂದು, ಕೊನೆಯ ದಿನಾಂಕಕ್ಕೆ ಒಂದು ದಿನ ಕೂಡಿಸಿ 'ಬಿಟ್ವೀನ್'ನಲ್ಲೇ ಬಿಡುವುದು: '2023-03-01'ರಿಂದ '2023-04-01'. ಈಗ 31ರ ಸಂಜೆಯ ರಸೀದಿಗಳೆಲ್ಲ ಬಂದವು. ಜೊತೆಗೆ ಏಪ್ರಿಲ್ 1ರ 00:00:00ರ ಸಾಲುಗಳೂ ಬಂದವು, ಏಕೆಂದರೆ 'ಬಿಟ್ವೀನ್' ಮೇಲಿನ ತುದಿಯನ್ನೂ ಸೇರಿಸುತ್ತದೆ. ಮಧ್ಯರಾತ್ರಿ ಸರಿಯಾಗಿ ಹನ್ನೆರಡಕ್ಕೆ ಯಾರು ರಸೀದಿ ಹಾಕುತ್ತಾರೆ ಎಂದು ಕೇಳಬೇಡಿ. ಕೌಂಟರಿನ ಕೈ ಎಂಟ್ರಿಗಳೆಲ್ಲ ಅದೇ ಕ್ಷಣದ್ದು. ಅವು ಮಾರ್ಚ್ ವರದಿಯಲ್ಲೂ ಬರುತ್ತವೆ, ಏಪ್ರಿಲ್ ವರದಿಯಲ್ಲೂ ಬರುತ್ತವೆ. ಕಡಿಮೆಯಾಗುತ್ತಿದ್ದ ಲೆಕ್ಕ ಈಗ ಹೆಚ್ಚಾಗುತ್ತದೆ.

ಎರಡು, ಕೊನೆಗೆ '23:59:59' ಅಂಟಿಸುವುದು. ಕಾಲಂ ಸೆಕೆಂಡಿನ ಭಾಗವನ್ನು ಇಟ್ಟುಕೊಳ್ಳುವುದಿಲ್ಲ ಎಂದಾದರೆ ಇದು ನಡೆಯುತ್ತದೆ. ಆದರೆ ಪೋಸ್ಟ್‌ಗ್ರೆಸ್ ಡೇಟಾಬೇಸು ಮೈಕ್ರೊಸೆಕೆಂಡಿನವರೆಗೆ ಇಡುತ್ತದೆ. ಮೈಎಸ್‌ಕ್ಯೂಎಲ್ 5.6.4ರಿಂದ ಈಚೆಗೆ ಕೇಳಿಕೊಂಡರೆ ಆರು ದಶಮಾಂಶದವರೆಗೆ ಇಡುತ್ತದೆ. 23:59:59.4ಕ್ಕೆ ಆದ ಆನ್‌ಲೈನ್ ಪಾವತಿ ಮಾರ್ಚ್‌ಗೂ ಸಿಗುವುದಿಲ್ಲ, ಏಪ್ರಿಲ್‌ಗೂ ಸಿಗುವುದಿಲ್ಲ. ಇಂದು ಸರಿಯಿರುವ ಕ್ವೆರಿ ನಾಳೆ ಯಾರೋ ಕಾಲಂನ ನಿಖರತೆ ಹೆಚ್ಚಿಸಿದ ದಿನ ಸದ್ದಿಲ್ಲದೆ ತಪ್ಪಾಗುತ್ತದೆ.

ಹಾಗಾದರೆ '23:59:59.999' ಹಾಕೋಣ ಎನ್ನುವವರಿದ್ದಾರೆ. ಸಂಘದ ಸಾಫ್ಟ್‌ವೇರಿನಲ್ಲಿ ಇನ್ನೊಂದು ವರದಿಗೆ ಹಿಂದಿನ ಪ್ರೋಗ್ರಾಮರು ಮಾಡಿದ್ದು ಇದನ್ನೇ. ಅಲ್ಲಿದ್ದದ್ದು ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸು, ಕಾಲಂ ಹಳೆಯ 'ಡೇಟ್‌ಟೈಮ್'. ಆ ಬಗೆಯ ಕಾಲಂ ಸೆಕೆಂಡನ್ನು ಮುನ್ನೂರು ಭಾಗ ಮಾಡಿ ಇಡುತ್ತದೆ. ಮಿಲಿಸೆಕೆಂಡಿನ ಕೊನೆಯ ಅಂಕೆ 0, 3 ಅಥವಾ 7 ಮಾತ್ರ ಆಗಬಹುದು. ಅದಕ್ಕೆ .999 ಕೊಟ್ಟರೆ ಹತ್ತಿರದ ಬೆಲೆಗೆ ಹೋಗುತ್ತದೆ, ಆ ಹತ್ತಿರದ ಬೆಲೆ ಮರುದಿನದ 00:00:00.000. ಮತ್ತೆ ಏಪ್ರಿಲ್ 1ರ ಕೈ ಎಂಟ್ರಿಗಳು ಮಾರ್ಚ್‌ಗೆ ಬಂದು ಸೇರಿದವು. 'ಸ್ಮಾಲ್‌ಡೇಟ್‌ಟೈಮ್' ಇನ್ನೂ ಒರಟು. ಅದು ನಿಮಿಷಕ್ಕೇ ದುಂಡು ಮಾಡುವುದರಿಂದ 23:59:59 ಎಂದರೂ ಮರುದಿನವೇ. .997 ಎಂದು ಬರೆದರೆ ಹಳೆಯ ಕಾಲಂಗೆ ಸರಿಹೋಗುತ್ತದೆ, ಹೊಸ 'ಡೇಟ್‌ಟೈಮ್2'ಗೆ ಸರಿಹೋಗುವುದಿಲ್ಲ. ದಿನದ ಕೊನೆಯ ಕ್ಷಣ ಯಾವುದು ಎಂದು ಹುಡುಕುತ್ತ ಹೋದರೆ ಉತ್ತರ ಪ್ರತಿ ಕಾಲಂಗೂ ಬೇರೆ.

ಮೂರನೆಯದು ದಿನಾಂಕವನ್ನು ಅಕ್ಷರವಾಗಿ ಮಾಡಿ ಹೋಲಿಸುವುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಕನ್ವರ್ಟ್' ಮಾಡುವಾಗ 103 ಎಂಬ ಸಂಖ್ಯೆ ಕೊಟ್ಟರೆ ನಮ್ಮ ರೂಢಿಯಂತೆ 31/03/2023 ಬರುತ್ತದೆ. ನೋಡಲು ಚೆಂದ, ಸಮಯವೂ ಹೋಯಿತು. ಆದರೆ ಅದು ಈಗ ದಿನಾಂಕವಲ್ಲ, ಬರಿಯ ಅಕ್ಷರಮಾಲೆ. ಅಕ್ಷರಗಳನ್ನು ಎಡದಿಂದ ಒಂದೊಂದಾಗಿ ಹೋಲಿಸುವಾಗ '05/04/2023' ಎಂಬುದು '01/03/2023' ಮತ್ತು '31/03/2023'ರ ನಡುವೆಯೇ ಬೀಳುತ್ತದೆ. '17/11/2019' ಕೂಡ ಬೀಳುತ್ತದೆ. ವರದಿಯಲ್ಲಿ ಯಾವ್ಯಾವುದೋ ತಿಂಗಳ, ವರ್ಷದ ಸಾಲುಗಳು ಬಂದರೆ ಇದೇ ಕಾರಣ ಎಂದು ಕಣ್ಣುಮುಚ್ಚಿ ಹೇಳಬಹುದು.

ಸರಿಯಾದ ರೂಪ

ವೇರ್ ಜಮಾ_ಸಮಯ >= '2023-03-01'
ಆ್ಯಂಡ್ ಜಮಾ_ಸಮಯ < '2023-04-01'

ಮಾರ್ಚ್ 1 ಹುಟ್ಟಿದ ಕ್ಷಣದಿಂದ, ಏಪ್ರಿಲ್ 1 ಹುಟ್ಟುವ ಮುನ್ನ. ಕೆಳತುದಿ ಸೇರುತ್ತದೆ, ಮೇಲ್ತುದಿ ಸೇರುವುದಿಲ್ಲ. ದಿನದ ಕೊನೆಯ ಕ್ಷಣ ಯಾವುದೆಂದು ತಿಳಿಯುವ ಅಗತ್ಯವೇ ಬೀಳುವುದಿಲ್ಲ. ಕಾಲಂ ಸೆಕೆಂಡು ಇಡಲಿ, ಮೈಕ್ರೊಸೆಕೆಂಡು ಇಡಲಿ, ಬರಿಯ ದಿನಾಂಕವನ್ನೇ ಇಡಲಿ, ಈ ಎರಡು ಸಾಲು ಬದಲಾಗುವುದಿಲ್ಲ. ಒಂದು ತಿಂಗಳ ಮೇಲ್ತುದಿ ಮುಂದಿನ ತಿಂಗಳ ಕೆಳತುದಿಯಾಗುವುದರಿಂದ ಯಾವ ರಸೀದಿಯೂ ಎರಡು ಕಡೆ ಬರುವುದಿಲ್ಲ, ಯಾವುದೂ ನಡುವೆ ಬಿದ್ದುಹೋಗುವುದಿಲ್ಲ.

ಬಳಕೆದಾರರ ಪರದೆಯಲ್ಲಿ ಏನನ್ನೂ ಬದಲಿಸಬೇಡಿ. ಅವರು 'ವರೆಗೆ: 31-03-2023' ಎಂದೇ ತುಂಬಲಿ. ಒಂದು ದಿನ ಕೂಡಿಸುವ ಕೆಲಸ ನಿಮ್ಮ ಪ್ರೋಗ್ರಾಮಿನದ್ದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಡೇಟ್‌ಆ್ಯಡ್', ಮೈಎಸ್‌ಕ್ಯೂಎಲ್‌ನಲ್ಲಿ 'ಡೇಟ್_ಆ್ಯಡ್', ಪೋಸ್ಟ್‌ಗ್ರೆಸ್‌ನಲ್ಲಿ 'ಇಂಟರ್ವಲ್', ಒರಾಕಲ್‌ನಲ್ಲಿ ಸುಮ್ಮನೆ ಕೂಡಿಸು 1. ಹೀಗೆ ಕೂಡಿಸುವ ಮುನ್ನ ಪರದೆಯಿಂದ ಬಂದ ದಿನಾಂಕಕ್ಕೆ ಸಮಯ ಅಂಟಿಕೊಂಡಿದೆಯೇ ನೋಡಿ. ಕೆಲವು ಕ್ಯಾಲೆಂಡರ್ ಪೆಟ್ಟಿಗೆಗಳು ಆಯ್ಕೆ ಮಾಡಿದ ದಿನಕ್ಕೆ ಆ ಕ್ಷಣದ ಗಂಟೆಯನ್ನೂ ಸೇರಿಸಿ ಕಳಿಸುತ್ತವೆ. ಆಗ ಬೆಳಿಗ್ಗೆ ತೆಗೆದ ವರದಿಗೂ ಸಂಜೆ ತೆಗೆದ ವರದಿಗೂ ಮೊದಲ ದಿನದ ಲೆಕ್ಕ ಬೇರೆಯಾಗುತ್ತದೆ.

ಎಸ್‌ಕ್ಯೂಎಲ್ ಸರ್ವರ್ ಬಳಸುವವರಿಗೆ ಇನ್ನೊಂದು ಮಾತು. ಹಳೆಯ 'ಡೇಟ್‌ಟೈಮ್' ಕಾಲಂ ಇದ್ದು ಲಾಗಿನ್‌ನ ಭಾಷೆ ಬ್ರಿಟಿಷ್ ಇಂಗ್ಲಿಷ್ ಆಗಿದ್ದರೆ '2023-03-01' ಎಂಬುದನ್ನು ಅದು ವರ್ಷ-ದಿನ-ತಿಂಗಳು ಎಂದು ಓದಿ ಜನವರಿ 3 ಮಾಡಿಕೊಳ್ಳುತ್ತದೆ. '2023-03-31' ಬಂದಾಗ 31ನೇ ತಿಂಗಳು ಇಲ್ಲವೆಂದು ದೋಷ ತೋರಿಸಿ ನಿಲ್ಲುತ್ತದೆ. '20230301' ಎಂದು ನಡುಗೆರೆಯಿಲ್ಲದೆ ಬರೆದರೆ ಯಾವ ಭಾಷೆಯಲ್ಲೂ ಒಂದೇ ಅರ್ಥ. ಅದಕ್ಕಿಂತ ಮೇಲು, ದಿನಾಂಕವನ್ನು ಅಕ್ಷರವಾಗಿ ಕ್ವೆರಿಯೊಳಗೆ ಸೇರಿಸದೆ ದಿನಾಂಕದ ಬಗೆಯ ಪ್ಯಾರಾಮೀಟರಾಗಿಯೇ, ಅಂದರೆ ಕ್ವೆರಿಯ ಜೊತೆ ಬೇರೆಯಾಗಿ ಕೊಡುವ ಬೆಲೆಯಾಗಿಯೇ, ಕಳಿಸುವುದು.

ಉತ್ತರ ಸರಿ, ಆದರೆ ವರದಿ ತೆವಳುತ್ತದೆ

ಕಾಲಂನಿಂದಲೇ ಸಮಯ ಕತ್ತರಿಸಿ ಹೋಲಿಸಬಹುದಲ್ಲ ಎಂದು ನೀವು ಕೇಳಬಹುದು. ಮೈಎಸ್‌ಕ್ಯೂಎಲ್‌ನಲ್ಲಿ 'ಡೇಟ್(ಜಮಾ_ಸಮಯ)', ಒರಾಕಲ್‌ನಲ್ಲಿ 'ಟ್ರಂಕ್(ಜಮಾ_ಸಮಯ)', ಬೇರೆ ಕಡೆ 'ಕಾಸ್ಟ್'. ಉತ್ತರ ಸರಿಯಾಗಿಯೇ ಬರುತ್ತದೆ. ಕೆಲವು ಸಾವಿರ ಸಾಲಿನ ಟೇಬಲಿಗೆ ಹೀಗೆ ಬರೆದರೆ ನನ್ನ ಆಕ್ಷೇಪವಿಲ್ಲ.

ಟೇಬಲು ಬೆಳೆದಾಗ ತೊಂದರೆ ಶುರು. ಜಮಾ_ಸಮಯದ ಮೇಲೆ ಇಂಡೆಕ್ಸ್ ಇದೆ ಎಂದರೆ ರಸೀದಿಗಳನ್ನು ಸಮಯದ ಕ್ರಮದಲ್ಲಿ ಜೋಡಿಸಿದ ಪಟ್ಟಿಯೊಂದು ಇದೆ ಎಂದರ್ಥ. ಮಾರ್ಚ್ 1 ಎಲ್ಲಿದೆಯೋ ಅಲ್ಲಿಗೆ ನೇರ ಹೋಗಿ, ಏಪ್ರಿಲ್ 1 ಬಂದಾಗ ನಿಲ್ಲಬಹುದು. ಆದರೆ 'ಪ್ರತಿ ರಸೀದಿಯ ಸಮಯವನ್ನು ಕತ್ತರಿಸಿ ಆಮೇಲೆ ಹೋಲಿಸು' ಎಂದರೆ ಡೇಟಾಬೇಸು ಹತ್ತು ವರ್ಷದ ಒಂದೊಂದು ರಸೀದಿಯನ್ನೂ ಎತ್ತಿ, ಕತ್ತರಿಸಿ, ನೋಡಿ, ಕೆಳಗಿಡಬೇಕು. ಜೋಡಿಸಿದ ಪಟ್ಟಿ ಪಕ್ಕದಲ್ಲೇ ಇದ್ದರೂ ಬಳಕೆಗೆ ಬರುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್' ಸೇರಿಸಿ ಓಡಿಸಿ. 'ಟೈಪ್' ಕಾಲಂನಲ್ಲಿ 'ಆಲ್' ಎಂದು ಬಂದರೆ ಇಡೀ ಟೇಬಲನ್ನು ಜಾಲಾಡುತ್ತಿದೆ, 'ರೇಂಜ್' ಎಂದು ಬಂದರೆ ಇಂಡೆಕ್ಸಿನಲ್ಲಿ ಬೇಕಾದಷ್ಟನ್ನೇ ಓದುತ್ತಿದೆ.

ಎಸ್‌ಕ್ಯೂಎಲ್ ಸರ್ವರ್ ಇಲ್ಲಿ ಸ್ವಲ್ಪ ಜಾಣ. 2008ರ ಆವೃತ್ತಿಯಿಂದ 'ಡೇಟ್' ಎಂಬ ಬಗೆ ಬಂದ ಮೇಲೆ, 'ಡೇಟ್‌ಟೈಮ್' ಕಾಲಂ ಅನ್ನು 'ಡೇಟ್' ಆಗಿ 'ಕಾಸ್ಟ್' ಮಾಡಿದರೆ ಅದು ಒಳಗೊಳಗೇ ಮಿತಿಗಳನ್ನು ಲೆಕ್ಕ ಹಾಕಿ ಇಂಡೆಕ್ಸ್ ಬಳಸಿಕೊಳ್ಳುತ್ತದೆ. ಆದರೂ ನಾನು ಎರಡು ಮಿತಿಗಳ ರೂಪವನ್ನೇ ಬರೆಯುತ್ತೇನೆ, ಏಕೆಂದರೆ ಅದು ಎಲ್ಲ ಡೇಟಾಬೇಸಿನಲ್ಲೂ ಒಂದೇ ರೀತಿ ನಡೆಯುತ್ತದೆ. ಕ್ವೆರಿಯನ್ನು ಬದಲಿಸಲು ಅವಕಾಶವೇ ಇಲ್ಲದಿದ್ದಾಗ ಒರಾಕಲ್, ಪೋಸ್ಟ್‌ಗ್ರೆಸ್ ಮತ್ತು 8.0.13ರಿಂದ ಈಚಿನ ಮೈಎಸ್‌ಕ್ಯೂಎಲ್‌ನಲ್ಲಿ ಕತ್ತರಿಸಿದ ಬೆಲೆಯ ಮೇಲೆಯೇ ಇನ್ನೊಂದು ಇಂಡೆಕ್ಸ್ ಕಟ್ಟಬಹುದು. ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ.

ತಿಂಗಳ ಮೊತ್ತ ಹೆಚ್ಚುಕಡಿಮೆ ಸರಿ, ದಿನದ ಮೊತ್ತ ತಪ್ಪು

ಇದು ಬೇರೆ ದೋಷ, ಆದರೆ ಇದೇ ಹೆಸರಿನಲ್ಲಿ ಕರೆ ಬರುತ್ತದೆ. ಹೂವಿನ ಮಂಡಿಯೊಂದರ ಲೆಕ್ಕದಲ್ಲಿ ನಾನು ಇದನ್ನು ಸ್ಪಷ್ಟವಾಗಿ ಕಂಡೆ. ಹೂವಿನ ವ್ಯಾಪಾರ ಕುದುರುವುದು ಬೆಳಗಿನ ಜಾವ ನಾಲ್ಕರಿಂದ. ಮಂಡಿಯವರು ಹೇಳಿದ್ದಿಷ್ಟೇ: "ಹಬ್ಬದ ದಿನದ ವ್ಯಾಪಾರವನ್ನು ಹಿಂದಿನ ದಿನಕ್ಕೆ ತೋರಿಸುತ್ತಿದೆ, ಅದೂ ಪೂರ್ತಿ ಅಲ್ಲ, ಅರ್ಧ."

ಇಂಥ ಕಡೆ ಗಂಟೆವಾರು ಎಣಿಕೆ ಮಾಡಿ. ಒಂದು ವಾರದ ಸಾಲುಗಳನ್ನು ಗಂಟೆಯ ಪ್ರಕಾರ ಗುಂಪು ಮಾಡಿ, ಯಾವ ಗಂಟೆಯಲ್ಲಿ ಎಷ್ಟು ಎಂದು ನೋಡಿ. ಮಂಡಿಯ ಎಣಿಕೆಯಲ್ಲಿ ಅತಿ ಹೆಚ್ಚು ಬಿಲ್ಲುಗಳು ಇದ್ದದ್ದು ರಾತ್ರಿ 22 ಮತ್ತು 23ನೇ ಗಂಟೆಯಲ್ಲಿ. ಆ ಹೊತ್ತಿಗೆ ಮಂಡಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಸರ್ವರ್ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಬರೆಯುತ್ತಿತ್ತು, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ ಜಾವ 4:10ರ ಬಿಲ್ಲು ಅಲ್ಲಿ ಹಿಂದಿನ ದಿನದ 22:40. ಐದೂವರೆಯ ನಂತರದ ಬಿಲ್ಲುಗಳು ಸರಿಯಾದ ದಿನದಲ್ಲೇ ಬೀಳುತ್ತವೆ, ಅದಕ್ಕೇ 'ಅರ್ಧ'. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಯುಟಿಸಿ ಸರ್ವರಿನ ದಿನ ಬದಲಾಗುವುದೂ ನಮ್ಮ ನಸುಕಿನ ಹೊತ್ತಿಗೇ. ಆದರೆ ಮಂಡಿಯ ಬಿಲ್ಲು ಪುಸ್ತಕ ಮಧ್ಯರಾತ್ರಿಗೆ ಹೊಸ ಪುಟ ತಿರುಗಿಸುತ್ತದೆ, ಲೆಕ್ಕ ನಡೆಯಬೇಕಾದದ್ದು ಅದರಂತೆ. ಹಗಲಿಡೀ ನಡೆಯುವ ಕಿರಾಣಿ ಅಂಗಡಿಯಲ್ಲಿ ಇದೇ ದೋಷ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಕೂತಿರಬಹುದು.

ನಿವಾರಣೆಯ ತತ್ವ ಹಿಂದಿನದೇ: ಕಾಲಂ ಮುಟ್ಟಬೇಡಿ, ಮಿತಿಗಳನ್ನು ಸರಿಪಡಿಸಿ. ಯುಟಿಸಿಯಲ್ಲಿ ಬರೆದ ಕಾಲಂಗೆ ಭಾರತದ ಮಾರ್ಚ್ ಎಂದರೆ ಹೀಗೆ:

ವೇರ್ ಬಿಲ್_ಸಮಯ >= '2023-02-28 18:30:00'
ಆ್ಯಂಡ್ ಬಿಲ್_ಸಮಯ < '2023-03-31 18:30:00'

ಇದನ್ನು ಕೈಯಿಂದ ಲೆಕ್ಕ ಹಾಕದೆ ಡೇಟಾಬೇಸಿನಿಂದಲೇ ಮಾಡಿಸಿ. ಮೈಎಸ್‌ಕ್ಯೂಎಲ್‌ನ 'ಕನ್ವರ್ಟ್_ಟಿಜೆಡ್'ಗೆ 'ಏಷ್ಯಾ/ಕೋಲ್ಕತ್ತಾ' ಎಂದು ಹೆಸರು ಕೊಟ್ಟು, ಸರ್ವರಿನಲ್ಲಿ ಸಮಯವಲಯದ ಟೇಬಲುಗಳನ್ನು ತುಂಬಿಸಿರದಿದ್ದರೆ ಉತ್ತರ 'ನಲ್' (ಬೆಲೆಯೇ ಇಲ್ಲ) ಎಂದು ಬರುತ್ತದೆ. ದೋಷ ಸಂದೇಶವಿಲ್ಲ, ವರದಿ ಮಾತ್ರ ಪೂರ್ತಿ ಖಾಲಿ. ಹೆಸರಿನ ಬದಲು '+05:30' ಕೊಟ್ಟರೆ ಆ ಟೇಬಲುಗಳು ಬೇಕಿಲ್ಲ. ಮೈಎಸ್‌ಕ್ಯೂಎಲ್‌ನಲ್ಲೇ 'ಟೈಮ್‌ಸ್ಟ್ಯಾಂಪ್' ಕಾಲಂ ಅನ್ನು ಸಂಪರ್ಕದ ಸಮಯವಲಯಕ್ಕೆ ತಕ್ಕಂತೆ ತಿರುಗಿಸಿ ಕೊಡುತ್ತದೆ, 'ಡೇಟ್‌ಟೈಮ್' ಕಾಲಂ ಅನ್ನು ಇದ್ದಂತೆಯೇ ಕೊಡುತ್ತದೆ. ಯಾವುದಿದೆ ಎಂದು ನೋಡದೆ ಐದೂವರೆ ಗಂಟೆ ಕೂಡಿಸಿದರೆ ಎರಡು ಸಲ ಕೂಡಿಸಿದಂತಾಗಬಹುದು.

ಬ್ರೌಸರಿನಲ್ಲೂ ಇದರ ಒಂದು ರೂಪವಿದೆ. ಬಳಕೆದಾರರು ಮಾರ್ಚ್ 1 ಆರಿಸುತ್ತಾರೆ. ಜಾವಾಸ್ಕ್ರಿಪ್ಟ್ ಅದನ್ನು ಭಾರತದ ಮಧ್ಯರಾತ್ರಿ ಎಂದು ಇಟ್ಟುಕೊಂಡು, 'ಟುಐಎಸ್‌ಒಸ್ಟ್ರಿಂಗ್' ಮಾಡುವಾಗ ಯುಟಿಸಿಗೆ ಬದಲಿಸಿ ಫೆಬ್ರವರಿ 28ರ 18:30 ಎಂದು ಕಳಿಸುತ್ತದೆ. ಸರ್ವರಿನ ಪ್ರೋಗ್ರಾಮು ಸಮಯವನ್ನು ಕಿತ್ತೆಸೆದು ಫೆಬ್ರವರಿ 28ನ್ನು ಹಿಡಿದುಕೊಳ್ಳುತ್ತದೆ. ವರದಿ ಎರಡೂ ತುದಿಯಲ್ಲಿ ಒಂದು ದಿನ ಹಿಂದೆ ಸರಿದಿದ್ದರೆ ಇಲ್ಲಿ ನೋಡಿ. ದಿನಾಂಕವಷ್ಟೇ ಬೇಕಿದ್ದಾಗ '2023-03-01' ಎಂಬ ಹತ್ತು ಅಕ್ಷರಗಳನ್ನಷ್ಟೇ ಕಳಿಸಿ.

ಅಮೆರಿಕದ ಕಚೇರಿಗಳಿಗೆ ಸಾಫ್ಟ್‌ವೇರ್ ಬರೆಯುವ ನಮ್ಮವರು ಬಹಳ ಜನ ಇದ್ದಾರೆ. ಅವರು 'ಒಂದು ದಿನ ಕೂಡಿಸು' ಎಂಬುದನ್ನು '24 ಗಂಟೆ ಕೂಡಿಸು' ಎಂದು ಬರೆಯಬಾರದು. ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ಮುಂದೆ ಹೋಗುತ್ತದೆ. 2023ರಲ್ಲಿ ಮಾರ್ಚ್ 12ಕ್ಕೆ 23 ಗಂಟೆ, ನವೆಂಬರ್ 5ಕ್ಕೆ 25 ಗಂಟೆ. ಆ ಊರಿನ ಸಮಯದಲ್ಲಿ ಮರುದಿನದ ಮಧ್ಯರಾತ್ರಿಯನ್ನು ಕಂಡುಹಿಡಿದು ಆಮೇಲೆ ಯುಟಿಸಿಗೆ ತಿರುಗಿಸಬೇಕು.

ಮೊಬೈಲಿನೊಳಗಿನ ಡೇಟಾಬೇಸು

ಏಜೆಂಟರ ಕೈಯಂತ್ರದಲ್ಲಿ ಇದ್ದದ್ದು ಎಸ್‌ಕ್ಯೂಲೈಟ್. ಅದಕ್ಕೆ ದಿನಾಂಕ ಎಂಬ ಪ್ರತ್ಯೇಕ ಬಗೆಯೇ ಇಲ್ಲ. ಸಾಮಾನ್ಯವಾಗಿ ಅಕ್ಷರವಾಗಿ ಇಡುತ್ತಾರೆ. '2023-03-31 17:42:10' ಎಂಬುದು '2023-03-31' ಎಂಬುದಕ್ಕಿಂತ ಉದ್ದ, ಆದ್ದರಿಂದ ಅಕ್ಷರದ ಹೋಲಿಕೆಯಲ್ಲಿ ದೊಡ್ಡದು. ಕಾರಣ ಬೇರೆ, ಫಲ ಅದೇ: ಕೊನೆಯ ದಿನ ಕಾಣೆ. ಇಲ್ಲೂ '>=' ಮತ್ತು '<' ರೂಪವೇ ನಡೆಯುತ್ತದೆ, ಆದರೆ ಮಿತಿಗಳಲ್ಲಿ ದಿನಾಂಕವನ್ನಷ್ಟೇ ಬರೆಯಿರಿ. ಕೆಳಮಿತಿಗೆ '2023-03-01 00:00:00' ಎಂದು ಬರೆದರೆ, ಬರಿಯ '2023-03-01' ಎಂದು ಉಳಿಸಿರುವ ಸಾಲು ಅದಕ್ಕಿಂತ ಚಿಕ್ಕದಾಗಿ ಹೊರಗುಳಿಯುತ್ತದೆ. ದಿನಾಂಕ '31-03-2023' ಎಂದು ಉಳಿಸಿದ್ದರೆ ಮಾತ್ರ ಯಾವ ಹೋಲಿಕೆಯೂ ಸರಿಹೋಗದು. ವರ್ಷ ಮೊದಲು ಬರುವಂತೆ ತಿರುಗಿಸಿ ಹೊಸ ಕಾಲಂನಲ್ಲಿ ಬರೆದುಕೊಳ್ಳುವುದೊಂದೇ ದಾರಿ. ತಿರುಗಿಸುವಾಗ 12ಕ್ಕಿಂತ ದೊಡ್ಡ 'ತಿಂಗಳು' ಸಿಕ್ಕರೆ ಅಲ್ಲಿ ಯಾರೋ ತಿಂಗಳು-ದಿನ ಎಂದು ಬರೆದಿದ್ದಾರೆ, ನಿಲ್ಲಿಸಿ ಮೂಲ ರಸೀದಿ ನೋಡಿ.

ಸರಿಯಾಯಿತೇ ಎಂದು ನೋಡುವುದು

ಪರೀಕ್ಷೆಯ ಟೇಬಲಿನಲ್ಲಿ ಐದು ಸಾಲು ಹಾಕಿ: ಫೆಬ್ರವರಿ 28ರ 23:59:59, ಮಾರ್ಚ್ 1ರ 00:00:00, ಮಾರ್ಚ್ 31ರ 00:00:00, ಮಾರ್ಚ್ 31ರ ದಿನದಲ್ಲಿ ನಿಮ್ಮ ಕಾಲಂ ಇಡಬಲ್ಲ ಕೊನೆಯ ಕ್ಷಣ, ಏಪ್ರಿಲ್ 1ರ 00:00:00. ಪ್ರತಿ ಸಾಲಿಗೂ 1, 10, 100, 1000, 10000 ಎಂದು ಬೇರೆ ಬೇರೆ ಮೊತ್ತ ಕೊಡಿ. ಮಾರ್ಚ್ ವರದಿ 1110 ಎನ್ನಬೇಕು. 110 ಬಂದರೆ ಕೊನೆಯ ದಿನ ಬಿದ್ದಿದೆ. 11110 ಬಂದರೆ ಮರುದಿನ ನುಸುಳಿದೆ. ಮೊತ್ತವನ್ನು ನೋಡಿದ ಮಾತ್ರಕ್ಕೆ ಯಾವ ಸಾಲು ತಪ್ಪಿತೆಂದು ಗೊತ್ತಾಗುತ್ತದೆ.

ಸಂಘದಲ್ಲಿ ಕ್ವೆರಿ ಬದಲಿಸಿ ವರದಿಯನ್ನು ಮತ್ತೆ ಮುದ್ರಿಸಿದೆವು. ಮ್ಯಾನೇಜರ್ ಮೇಡಂ ಡೇ ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು, 31ರ ಪುಟದಲ್ಲಿ ಒಂದೊಂದು ರಸೀದಿ ಸಂಖ್ಯೆಗೂ ಪೆನ್ಸಿಲಿನಿಂದ ಗುರುತು ಹಾಕುತ್ತ ಬಂದರು. ಕೊನೆಯ ಗುರುತು ಹಾಕಿ, ಮೊತ್ತ ನೋಡಿ, "4,86,250" ಎಂದು ಗಟ್ಟಿಯಾಗಿ ಓದಿದರು. ಆಮೇಲೆ ಮೊದಲು ಮಾಡಿದ ಕೆಲಸ ಏಜೆಂಟರಿಗೆ ಫೋನು ಮಾಡಿದ್ದು.

ನಾನು ಅಂದು ಸಂಜೆ ಅದೇ ಸಾಫ್ಟ್‌ವೇರಿನ ಎಲ್ಲ ಕ್ವೆರಿಗಳಲ್ಲಿ 'ಬಿಟ್ವೀನ್' ಎಂಬ ಪದವನ್ನು ಹುಡುಕಿದೆ. ಹನ್ನೊಂದು ಕಡೆ ಸಿಕ್ಕಿತು. ನಾಲ್ಕರಲ್ಲಿ ಕಾಲಂ ಬರಿಯ ದಿನಾಂಕದ್ದಾಗಿತ್ತು, ಅವು ಸರಿಯೇ ಇದ್ದವು, ಮುಟ್ಟಲಿಲ್ಲ. ಉಳಿದ ಏಳರಲ್ಲಿ ಎರಡು ಪಿಗ್ಮಿ ಬಡ್ಡಿಯ ಲೆಕ್ಕಕ್ಕೆ ಸಂಬಂಧಿಸಿದವು. ಅವುಗಳನ್ನು ತಿದ್ದುವ ಮುನ್ನ ಹಳೆಯ ಕ್ವೆರಿ ಮತ್ತು ಹೊಸ ಕ್ವೆರಿ ಎರಡನ್ನೂ ಹಿಂದಿನ ಪ್ರತಿ ತಿಂಗಳಿಗೂ ಓಡಿಸಿ, ವ್ಯತ್ಯಾಸ ಬಂದ ಖಾತೆಗಳ ಪಟ್ಟಿ ತೆಗೆದು ಮ್ಯಾನೇಜರ್ ಮೇಡಂಗೆ ಕೊಟ್ಟೆ. ಆ ಖಾತೆಗಳಿಗೆ ಬಾಕಿ ಬಡ್ಡಿಯನ್ನು ಜಮಾ ಮಾಡುವ ಠರಾವು ಮುಂದಿನ ಆಡಳಿತ ಮಂಡಳಿ ಸಭೆಗೆ ಹೋಯಿತು.